ಬಾರ್ಬಿಯ ತವರು ಯಾವುದು? ಅಟ್ಟದ ಮೇಲಿನ ಒಂದು ಗೊಂಬೆಯ ನೆಪದಲ್ಲಿ

ಪ್ರಶ್ನೆ: ನಮ್ಮ ಸೋದರತ್ತೆಯವರು 1960ರ ದಶಕದ ಆರಂಭದಲ್ಲಿ ಜರ್ಮನಿಯಿಂದ ಹಿಂತಿರುಗುವಾಗ ತಂದ ಗೊಂಬೆಯೊಂದು ಮೈಸೂರಿನ ನಮ್ಮ ಮನೆಯಲ್ಲಿದೆ. ಪ್ರತಿ ದಸರೆಯಲ್ಲಿ ಅದನ್ನು ಅಟ್ಟದಿಂದ ಇಳಿಸಿ ಗೊಂಬೆ ಸಾಲಿನ ಕೆಳಮೆಟ್ಟಿಲಿನಲ್ಲಿ ನಿಲ್ಲಿಸುತ್ತೇವೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಎತ್ತರ, ಹೊಂಬಣ್ಣದ ಜುಟ್ಟು, ಕಾಲಿಗೇ ಅಂಟಿಕೊಂಡಂತಿರುವ ಕಪ್ಪು ಹಿಮ್ಮಡಿಯ ಚಪ್ಪಲಿ. ನಾವೆಲ್ಲ ಅದನ್ನು ಬಾರ್ಬಿ ಎಂದೇ ಕರೆಯುತ್ತ ಬಂದಿದ್ದೇವೆ. ಈಗ ನನ್ನ ಮಗಳು, ಬಾರ್ಬಿ ಅಮೆರಿಕದ್ದು, ರೂತ್ ಹ್ಯಾಂಡ್ಲರ್ ಎಂಬ ತಾಯಿ ತನ್ನ ಮಗಳ ಆಟ ನೋಡಿ ಅದನ್ನು ಮಾಡಿದಳು ಎನ್ನುತ್ತಾಳೆ. ನನ್ನ ತಮ್ಮನೋ, ಅದು ಗಂಡಸರಿಗಾಗಿ ಮಾಡಿದ ಜರ್ಮನಿಯ ಅಶ್ಲೀಲ ಗೊಂಬೆಯೊಂದರ ನಕಲು ಎಂದು ವಾದಿಸುತ್ತಾನೆ. ಯಾವುದು ನಿಜ? ನಮ್ಮ ಮನೆಯಲ್ಲಿರುವುದು ಯಾವ ಗೊಂಬೆ?

ಉತ್ತರ: ನಿಮ್ಮ ಮಗಳು ಹೇಳುವುದೂ ನಿಮ್ಮ ತಮ್ಮ ಹೇಳುವುದೂ ಬಹುಮಟ್ಟಿಗೆ ನಡೆದ ಸಂಗತಿಗಳೇ. ಆದರೆ ಅವು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ. ಬಾರ್ಬಿಯ ಮೈ ಎಲ್ಲಿಂದ ಬಂತು ಎಂದು ಕೇಳಿದರೆ ಜರ್ಮನಿಯ ಕಡೆಗೆ ಕೈ ತೋರಿಸಬೇಕಾಗುತ್ತದೆ. ಆ ಮೈಯಿಂದ ಏನು ಮಾಡಬಹುದು ಎಂಬ ಯೋಚನೆ ಎಲ್ಲಿಂದ ಬಂತು ಎಂದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಆ ಯೋಚನೆಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿಸಿದವರು ಯಾರು ಎಂದರೆ ಟೋಕಿಯೊ ಸುತ್ತಮುತ್ತಲಿನ ಅಚ್ಚಿನ ಕೆಲಸಗಾರರನ್ನೂ ಮನೆಯಲ್ಲೇ ಕೂತು ಹೊಲಿಯುತ್ತಿದ್ದ ಹೆಂಗಸರನ್ನೂ ನೆನೆಯದೆ ಗತಿಯಿಲ್ಲ. ಇನ್ನು ನಿಮ್ಮ ಅತ್ತೆಯವರು ತಂದ ಗೊಂಬೆ, ನೀವು ಕೊಟ್ಟ ಒಂದು ವಿವರದ ಕಾರಣದಿಂದಲೇ, ಬಾರ್ಬಿ ಆಗಿರುವ ಸಂಭವ ಬಹಳ ಕಡಿಮೆ. ಅದರ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ, ಏಕೆಂದರೆ ಗುರುತು ಹಿಡಿಯುವ ವಿಧಾನ ಅರ್ಥವಾಗಬೇಕಾದರೆ ಮೊದಲು ಕಥೆ ತಿಳಿದಿರಬೇಕು.

ಕಥೆ ಶುರುವಾಗುವುದು ಗೊಂಬೆಯಿಂದಲ್ಲ, ದಿನಪತ್ರಿಕೆಯ ಪುಟದಲ್ಲಿ ಉಳಿದ ಖಾಲಿ ಜಾಗದಿಂದ. 1952ರ ಜೂನ್ 24ರಂದು ಹ್ಯಾಂಬರ್ಗ್ ನಗರದಲ್ಲಿ 'ಬಿಲ್ಡ್ ತ್ಸೈಟುಂಗ್' ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಅದರಲ್ಲಿ ತುಂಬಬೇಕಾದ ಸ್ವಲ್ಪ ಜಾಗ ಉಳಿದಿದ್ದರಿಂದ ರೈನ್‌ಹಾರ್ಡ್ ಬಾಯ್ಟೀನ್ ಎಂಬ ವ್ಯಂಗ್ಯಚಿತ್ರಕಾರ ಮೊದಲು ಒಂದು ಮಗುವಿನ ಚಿತ್ರ ಬರೆದುಕೊಟ್ಟ. ಮೇಲಿನವರಿಗೆ ಅದು ಹಿಡಿಸಲಿಲ್ಲ. ಬಾಯ್ಟೀನ್ ಮುಖವನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಕುದುರೆಬಾಲದ ಜುಟ್ಟು ಕಟ್ಟಿ, ತುಂಬಿದ ಯೌವನದ ಮೈ ಜೋಡಿಸಿ, ಲಿಲ್ಲಿ ಎಂದು ಹೆಸರಿಟ್ಟ. ಮೊದಲ ಚಿತ್ರದಲ್ಲಿ ಅವಳು ಭವಿಷ್ಯ ಹೇಳುವವಳ ಮುಂದೆ ಕೂತು, ಅವಳು ವರ್ಣಿಸಿದ ಆ ಸಿರಿವಂತ ಸುಂದರ ಪುರುಷನ ಹೆಸರು ಮತ್ತು ವಿಳಾಸವನ್ನೂ ಕೊಡಲಾಗದೇ ಎಂದು ಕೇಳುತ್ತಾಳೆ. ಒಂದು ದಿನದ ಜಾಗ ತುಂಬಲು ಬಂದವಳು ಓದುಗರಿಗೆ ಮೆಚ್ಚುಗೆಯಾದ್ದರಿಂದ ಅಲ್ಲೇ ನೆಲೆಯೂರಿ 1961ರ ಜನವರಿಯವರೆಗೂ ಆ ಪತ್ರಿಕೆಯಲ್ಲಿ ಮುಂದುವರಿದಳು.

ಲಿಲ್ಲಿ ಯಾರು ಎಂಬುದರ ಬಗ್ಗೆ ಇಂದು ಹರಿದಾಡುವ ಮಾತುಗಳು ಅವಳಿಗೆ ನ್ಯಾಯ ಮಾಡುವುದಿಲ್ಲ. ವ್ಯಂಗ್ಯಚಿತ್ರದ ಲಿಲ್ಲಿ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ಸ್ವಂತ ದುಡಿಮೆಯಲ್ಲಿ ಬದುಕುವವಳು. ಯುದ್ಧದಲ್ಲಿ ನೆಲಸಮವಾಗಿ ಮತ್ತೆ ಎದ್ದುನಿಲ್ಲುತ್ತಿದ್ದ ಪಶ್ಚಿಮ ಜರ್ಮನಿಯಲ್ಲಿ ಹೊಸದಾಗಿ ಹಣ ಕಂಡ ಗಂಡಸರನ್ನು ಓಲೈಸುವುದಕ್ಕೂ ಅವಳಿಗೆ ಸಂಕೋಚವಿಲ್ಲ, ಅವರ ಮುಖಕ್ಕೆ ಹೊಡೆದಂತೆ ಉತ್ತರ ಕೊಡುವುದಕ್ಕೂ ಸಂಕೋಚವಿಲ್ಲ. ಎರಡು ತುಂಡಿನ ಈಜುಡುಗೆ ಇಲ್ಲಿ ನಿಷಿದ್ಧ ಎಂದು ಎಚ್ಚರಿಸಿದ ಪೊಲೀಸನಿಗೆ, ಹಾಗಾದರೆ ಎರಡರಲ್ಲಿ ಯಾವುದನ್ನು ತೆಗೆಯಲಿ ಎಂದು ಕೇಳಿದವಳು ಅವಳು. ಚಿತ್ರಗಳು ಗಂಡಸರ ಕಣ್ಣಿಗಾಗಿಯೇ ಬರೆದವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಚಿತ್ರಗಳಲ್ಲಿ ಬಹುಪಾಲು ಕಡೆಯ ಮಾತು ಲಿಲ್ಲಿಯದೇ ಆಗಿರುತ್ತಿತ್ತು ಎಂಬುದನ್ನು ಅವಳನ್ನು ಒಂದೇ ಪದದಲ್ಲಿ ತಳ್ಳಿಹಾಕುವವರು ಗಮನಿಸಿದಂತಿಲ್ಲ.

ಪತ್ರಿಕೆಯವರು ಈ ಜನಪ್ರಿಯ ಪಾತ್ರವನ್ನು ಗೊಂಬೆಯಾಗಿಸಲು ನಿರ್ಧರಿಸಿ ಹೋದ ಜಾಗ ಬವೇರಿಯಾದ ಉತ್ತರ ತುದಿಯಲ್ಲಿರುವ ನಾಯ್‌ಸ್ಟಾಟ್ ಬೈ ಕೋಬುರ್ಗ್ ಎಂಬ ಪಟ್ಟಣ. ಈ ಆಯ್ಕೆ ಆಕಸ್ಮಿಕವಲ್ಲ. ಅದರ ಪಕ್ಕದಲ್ಲೇ ಇರುವ ಜೋನಬರ್ಗ್ ಪಟ್ಟಣವೂ ಸೇರಿದಂತೆ ಆ ಗುಡ್ಡಗಾಡಿನ ಸೀಮೆ ಹತ್ತೊಂಬತ್ತನೆಯ ಶತಮಾನದಿಂದಲೂ ಜಗತ್ತಿಗೆ ಆಟಿಕೆ ಒದಗಿಸುತ್ತಿದ್ದ ನೆಲ. ಚನ್ನಪಟ್ಟಣದಲ್ಲಿ ಯಾವ ಬೀದಿಗೆ ಹೋದರೂ ಮರದ ಹೊಟ್ಟು, ಅರಗಿನ ವಾಸನೆ ಎದುರಾಗುವಂತೆ ಅಲ್ಲಿ ಮನೆಮನೆಯಲ್ಲೂ ಗೊಂಬೆಯ ಕೈ, ಕಾಲು, ಕಣ್ಣು ತಯಾರಾಗುತ್ತಿದ್ದ ಕಾಲವಿತ್ತು. ಯುದ್ಧಾನಂತರ ಜರ್ಮನಿ ಎರಡಾದಾಗ ಗಡಿರೇಖೆ ಈ ಎರಡು ಪಟ್ಟಣಗಳ ನಡುವೆಯೇ ಹಾದುಹೋಯಿತು. ಜೋನಬರ್ಗ್ ಪೂರ್ವಕ್ಕೆ, ನಾಯ್‌ಸ್ಟಾಟ್ ಪಶ್ಚಿಮಕ್ಕೆ ಸೇರಿದವು. ನಾಯ್‌ಸ್ಟಾಟ್‌ನಲ್ಲಿದ್ದ ಹೌಸರ್ ಕಂಪನಿ ಅಲ್ಲಿಯವರೆಗೆ ಹೆಸರಾಗಿದ್ದದ್ದು ಸೈನಿಕರ ಮತ್ತು ಪ್ರಾಣಿಗಳ ಪುಟ್ಟ ಪ್ರತಿಮೆಗಳಿಗೆ. ಅಲ್ಲಿನ ಶಿಲ್ಪಿ ಮ್ಯಾಕ್ಸ್ ವೈಸ್‌ಬ್ರೋಟ್ ಲಿಲ್ಲಿಯನ್ನು ಮೂರು ಆಯಾಮಕ್ಕೆ ತಂದರು. 1955ರ ಆಗಸ್ಟ್ 12ರಂದು ಗೊಂಬೆ ಮಾರಾಟಕ್ಕೆ ಬಂತು. ದೊಡ್ಡದು ಸುಮಾರು 30 ಸೆಂಟಿಮೀಟರ್, ಚಿಕ್ಕದು ಸುಮಾರು 19 ಸೆಂಟಿಮೀಟರ್. ಗಟ್ಟಿ ಪ್ಲಾಸ್ಟಿಕ್ಕಿನ ಮೈ, ಓರೆನೋಟದ ಕಣ್ಣು, ಅಚ್ಚಿನಲ್ಲೇ ಮೂಡಿಸಿ ಕಪ್ಪು ಬಣ್ಣ ಬಳಿದ ಎತ್ತರದ ಹಿಮ್ಮಡಿಯ ಚಪ್ಪಲಿ, ಅದೇ ರೀತಿ ಅಚ್ಚಿನಲ್ಲೇ ಬಂದ ಓಲೆ. ಕೂತಾಗ ಕಾಲುಗಳು ಅಗಲಿಸದೆ ಒಟ್ಟಾಗಿಯೇ ನಿಲ್ಲುವಂತೆ ಮಾಡಿದ ಸೊಂಟದ ಕೀಲು ಹೌಸರ್‌ನವರ ಹೆಮ್ಮೆಯ ಕೆಲಸವಾಗಿತ್ತು. ಮುಂದೆ ನ್ಯಾಯಾಲಯದಲ್ಲಿ ಎದ್ದುನಿಂತದ್ದೂ ಅದೇ ಕೀಲು.

ನಿಮ್ಮ ತಮ್ಮನ ಆರೋಪಕ್ಕೆ ಇಲ್ಲಿ ಉತ್ತರಿಸಬೇಕು. ಲಿಲ್ಲಿ ಗೊಂಬೆ ಮೊದಲು ಮಾರಾಟವಾದದ್ದು ಮಕ್ಕಳ ಅಂಗಡಿಗಳಿಗಿಂತ ಹೆಚ್ಚಾಗಿ ಸಿಗರೇಟು, ಪತ್ರಿಕೆ ಮಾರುವ ಕಟ್ಟೆಗಳಲ್ಲಿ. ಗಂಡಸರು ಅದನ್ನು ಗೆಳೆಯರಿಗೆ ತಮಾಷೆಗೆ ಕೊಡುತ್ತಿದ್ದರು, ಕಾರಿನ ಗಾಜಿನ ಹಿಂದೆ ತೂಗುಹಾಕುತ್ತಿದ್ದರು. ದೊಡ್ಡ ಗೊಂಬೆಯ ಬೆಲೆ 12 ಮಾರ್ಕ್. ಆ ಕಾಲದ ಜರ್ಮನಿಯಲ್ಲಿ ಮಗುವಿನ ಆಟಿಕೆಗೆ ಅದು ಸಣ್ಣ ಮೊತ್ತವಲ್ಲ. ಇಷ್ಟರಮಟ್ಟಿಗೆ ನಿಮ್ಮ ತಮ್ಮನ ಮಾತು ಸರಿ. ಆದರೆ 'ಅಶ್ಲೀಲ ಗೊಂಬೆ' ಎಂಬ ಪದ ಆ ವಸ್ತುವಿಗೆ ಒಪ್ಪುವುದಿಲ್ಲ. ಅದು ಪಾತ್ರವೊಂದರ ಪ್ರತಿಮೆ. ಎದೆಯ ಉಬ್ಬು, ಸಣ್ಣ ನಡು ಇದ್ದವೆಂಬುದನ್ನು ಬಿಟ್ಟರೆ ಅದರಲ್ಲಿ ಇನ್ನೇನೂ ಇರಲಿಲ್ಲ. ಅದಕ್ಕೆ ಹೊಲಿದ ಉಡುಪುಗಳನ್ನು ನೋಡಿದರೆ, ಮಂಜಿನಲ್ಲಿ ಜಾರಾಟಕ್ಕೆ ಹೋಗುವ ಉಡುಗೆ, ಬವೇರಿಯಾದ ಹಳ್ಳಿಗಾಡಿನ ಸಾಂಪ್ರದಾಯಿಕ ಲಂಗ, ಸಂಜೆಯ ಔತಣದ ಗೌನು, ಹೀಗೆ ಸಭ್ಯವಾದವೇ ಹೆಚ್ಚು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಹುಡುಗಿಯರು ಅದನ್ನು ತಮ್ಮ ಆಟಿಕೆ ಮಾಡಿಕೊಂಡದ್ದೂ ಇದರಿಂದಲೇ. ಗೊಂಬೆಯ ನಡತೆಯನ್ನು ಕೊಂಡುಕೊಳ್ಳುವವರ ನಡತೆಯಿಂದ ಅಳೆಯುವುದು ನನಗೆ ಒಪ್ಪಿಗೆಯಾಗದ ವಾದ.

ಈಗ ಅಮೆರಿಕಕ್ಕೆ ಬರೋಣ. ರೂತ್ ಹ್ಯಾಂಡ್ಲರ್ 1916ರಲ್ಲಿ ಡೆನ್ವರ್ ನಗರದಲ್ಲಿ, ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಹತ್ತನೆಯ ಮಗುವಾಗಿ ಹುಟ್ಟಿದರು. ಗಂಡ ಎಲಿಯಟ್ ವಿನ್ಯಾಸಕಾರರು, ರೂತ್ ವ್ಯಾಪಾರದವರು. ಹೆರಾಲ್ಡ್ ಮ್ಯಾಟ್ಸನ್ ಎಂಬ ಗೆಳೆಯರೊಡನೆ 1945ರಲ್ಲಿ ಲಾಸ್ ಏಂಜಲೀಸಿನ ಒಂದು ಗ್ಯಾರೇಜಿನಲ್ಲಿ ಚಿತ್ರದ ಚೌಕಟ್ಟು ಮಾಡಲು ಆರಂಭಿಸಿ, ಉಳಿದ ಮರದ ತುಂಡುಗಳಿಂದ ಗೊಂಬೆಮನೆಯ ಮೇಜು ಕುರ್ಚಿಗಳನ್ನು ಮಾಡಿದರು. ಮ್ಯಾಟ್ಸನ್ ಹೆಸರಿನ ಮೊದಲ ಅಕ್ಷರಗಳನ್ನೂ ಎಲಿಯಟ್ ಹೆಸರಿನ ಮೊದಲ ಅಕ್ಷರಗಳನ್ನೂ ಸೇರಿಸಿ ಕಂಪನಿಗೆ ಮ್ಯಾಟೆಲ್ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ರೂತ್‌ಗೆ ಜಾಗ ಸಿಗಲಿಲ್ಲ ಎಂಬುದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಹ್ಯಾಂಡ್ಲರ್ ದಂಪತಿಗಳಿಗೆ ಇಬ್ಬರು ಮಕ್ಕಳು: 1941ರಲ್ಲಿ ಹುಟ್ಟಿದ ಬಾರ್ಬರಾ, 1944ರಲ್ಲಿ ಹುಟ್ಟಿದ ಕೆನ್. ಎರಡು ಗೊಂಬೆಗಳ ಹೆಸರೂ ಇಲ್ಲಿಂದಲೇ. ರೂತ್ ಹೇಳುತ್ತಿದ್ದ ಕಥೆ ಇದು: ಬಾರ್ಬರಾ ಮತ್ತು ಅವಳ ಗೆಳತಿಯರು ಎಳೆಗೂಸಿನ ಗೊಂಬೆಗಳನ್ನು ಬದಿಗಿಟ್ಟು, ದೊಡ್ಡ ಹೆಂಗಸರ ಚಿತ್ರವಿರುವ ಕಾಗದದ ಗೊಂಬೆಗಳನ್ನು ಕತ್ತರಿಸಿಕೊಂಡು, ಅವುಗಳಿಗೆ ಕಾಗದದ ಬಟ್ಟೆಗಳನ್ನು ಬದಲಿಸುತ್ತ, ತಾವು ದೊಡ್ಡವರಾದಾಗ ಹೇಗಿರುತ್ತೇವೆ ಎಂಬುದನ್ನು ಆ ಗೊಂಬೆಗಳ ಬಾಯಲ್ಲಿ ಆಡಿಸುತ್ತಿದ್ದರು. ಆಗ ಅಂಗಡಿಗಳಲ್ಲಿ ಸಿಗುತ್ತಿದ್ದ ಗೊಂಬೆಗಳಲ್ಲಿ ಬಹುಪಾಲು ಮಗುವಿನ ರೂಪದವು, ಅಂದರೆ ಹುಡುಗಿಗೆ ತಾಯಿಯ ಪಾತ್ರವನ್ನು ಮಾತ್ರ ಕೊಡುವಂಥವು. ಕಾಗದದ ಗೊಂಬೆಗಳೋ ಬೇಗ ಹರಿಯುತ್ತಿದ್ದವು, ಅವುಗಳ ಬಟ್ಟೆ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಈ ಆಟವನ್ನು ಗಟ್ಟಿ ಗೊಂಬೆಯೊಂದಿಗೆ ಆಡುವಂತಾದರೆ ಹೇಗೆ ಎಂಬುದು ರೂತ್‌ಗೆ ಬಂದ ಯೋಚನೆ.

ನಾನು ಈ ಕಥೆಯನ್ನು ನಂಬುತ್ತೇನೆ, ಆದರೆ ಇದರ ಕಾಲಕ್ರಮವನ್ನು ಓದುಗರು ಗಮನಿಸಬೇಕು. ರೂತ್ ಸ್ವಿಟ್ಜರ್ಲೆಂಡಿನಲ್ಲಿ ಲಿಲ್ಲಿಯನ್ನು ಕಂಡದ್ದು 1956ರ ಬೇಸಿಗೆಯ ಪ್ರವಾಸದಲ್ಲಿ. ಆಗ ಬಾರ್ಬರಾಗೆ 15 ವರ್ಷ. ಗೊಂಬೆಯಾಡುವ ವಯಸ್ಸು ದಾಟಿತ್ತು. ಆದ್ದರಿಂದ ಮಗಳ ಆಟ ನೋಡಿದ ತಾಯಿ ಮರುದಿನವೇ ಗೊಂಬೆ ಮಾಡಿದಳು ಎಂಬಂತೆ ಹೇಳುವ ರೂಪ ನಿಲ್ಲುವುದಿಲ್ಲ. ಯೋಚನೆ ಹುಟ್ಟಿದ್ದು ಕೆಲವು ವರ್ಷ ಮೊದಲು. ನಡುವಿನ ಕಾಲವೆಲ್ಲ ಅದು ಕಂಪನಿಯ ಗಂಡಸರ ಮುಂದೆ ಸೋತು ಬಿದ್ದಿತ್ತು. ಎದೆಯಿರುವ ಗೊಂಬೆಯನ್ನು ಯಾವ ತಾಯಿಯೂ ಮಗಳಿಗೆ ಕೊಡಿಸುವುದಿಲ್ಲ ಎಂಬುದು ಅವರ ಒಂದು ವಾದವಾದರೆ, ಅಷ್ಟು ನಾಜೂಕಾದ ಬಟ್ಟೆ, ಉಗುರುಬಣ್ಣ, ಕಣ್ಣಿನ ಗೆರೆಗಳಿರುವ ಗೊಂಬೆಯನ್ನು ಅಮೆರಿಕದ ಕೂಲಿಯಲ್ಲಿ ಮಾಡಿ ಮಕ್ಕಳ ಕೈಗೆಟಕುವ ಬೆಲೆಗೆ ಮಾರಲಾಗದು ಎಂಬುದು ಇನ್ನೊಂದು. ಎರಡನೆಯ ವಾದದಲ್ಲಿ ಹುರುಳಿತ್ತು.

ಆ ಪ್ರವಾಸದಲ್ಲಿ, ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ ನಗರದ ಅಂಗಡಿಯ ಕಿಟಕಿಯಲ್ಲಿ ಬೇರೆ ಬೇರೆ ಜಾರಾಟದ ಉಡುಪು ತೊಟ್ಟ ಹಲವು ಲಿಲ್ಲಿಗಳು ಸಾಲಾಗಿ ನಿಂತಿದ್ದವು. ಬಾರ್ಬರಾಗೆ ಯಾವುದನ್ನು ಆರಿಸುವುದೆಂದು ತಿಳಿಯಲಿಲ್ಲ. ರೂತ್ ಒಳಗೆ ಹೋಗಿ ಒಂದು ಗೊಂಬೆಯನ್ನೂ ಉಳಿದ ಗೊಂಬೆಗಳ ಬಟ್ಟೆಗಳನ್ನೂ ಮಾತ್ರ ಕೇಳಿದರೆ, ಬಟ್ಟೆ ಬೇಕಾದರೆ ಗೊಂಬೆಯನ್ನೂ ಕೊಳ್ಳಬೇಕು ಎಂಬ ಉತ್ತರ ಬಂತಂತೆ. ನನ್ನ ದೃಷ್ಟಿಯಲ್ಲಿ ಬಾರ್ಬಿ ಹುಟ್ಟಿದ ಗಳಿಗೆ ಇದು. ಲಿಲ್ಲಿಯನ್ನು ಕಂಡದ್ದರಿಂದ, ಅಂಥ ಗೊಂಬೆಯನ್ನು ಮಾಡಲು ಸಾಧ್ಯ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ಕಂಪನಿಯ ಮೇಜಿನ ಮೇಲಿಡಲು ಮಾದರಿಯೂ ಸಿಕ್ಕಿತು. ಅಂಗಡಿಯವರ ನಿರಾಕರಣೆಯಿಂದ ಸಿಕ್ಕಿದ್ದು ಅದಕ್ಕಿಂತ ದೊಡ್ಡದು: ಗೊಂಬೆ ಒಂದೇ ಸಾಕು, ಬಟ್ಟೆಗೆ ಕೊನೆಯಿರಬಾರದು ಎಂಬ ವ್ಯಾಪಾರಸೂತ್ರ. ಕ್ಷೌರದ ಹಿಡಿಕೆಯನ್ನು ಅಗ್ಗವಾಗಿ ಕೊಟ್ಟು ಬ್ಲೇಡುಗಳನ್ನು ಜೀವಮಾನವಿಡೀ ಮಾರುವ ಉಪಾಯವನ್ನು ಗೊಂಬೆಗೆ ಅನ್ವಯಿಸಿದಂತೆ.

ಹಾಗೆ ನೋಡಿದರೆ ದೊಡ್ಡ ಹೆಂಗಸಿನ ರೂಪದ ಗೊಂಬೆ ಹೊಸದೇನಲ್ಲ. ಯುರೋಪಿನ ಅರಮನೆಗಳ ನಡುವೆ ಹೊಸ ಉಡುಪಿನ ಮಾದರಿ ತೋರಿಸಲು ಗೊಂಬೆಗಳನ್ನು ಕಳುಹಿಸುವ ರೂಢಿ ಶತಮಾನಗಳಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಪಿಂಗಾಣಿ ಮುಖದ ಗೊಂಬೆಗಳಿಗೆ ಪೆಟ್ಟಿಗೆ ತುಂಬ ಬಟ್ಟೆ, ಕೈಚೀಲ, ಬೀಸಣಿಗೆ ಇರುತ್ತಿದ್ದವು. ಬಾರ್ಬಿಗೆ ಮೂರು ನಾಲ್ಕು ವರ್ಷ ಮೊದಲೇ ಅಮೆರಿಕದಲ್ಲಿಯೂ ಹಿಮ್ಮಡಿಯ ಚಪ್ಪಲಿ ತೊಟ್ಟ ಸಿಸ್ಸಿ, ಮಿಸ್ ರೆವ್ಲಾನ್ ಎಂಬ ಗೊಂಬೆಗಳು ಬಂದಿದ್ದವು. ಇನ್ನು ಮೈಸೂರು ಸೀಮೆಯವರಾದ ನಿಮಗೆ ಪಟ್ಟದ ಗೊಂಬೆಯನ್ನು ನಾನು ಪರಿಚಯಿಸಬೇಕಾಗಿಲ್ಲ: ಮದುವೆಯಲ್ಲಿ ತವರಿನಿಂದ ಬರುವ ಮರದ ರಾಜ ರಾಣಿಯರಿಗೆ ವರ್ಷವರ್ಷವೂ ಹೊಸ ರೇಷ್ಮೆ, ಜರಿ, ಮಣಿಸರ ತೊಡಿಸಿ ಕೂರಿಸುವಾಗ ನಮ್ಮ ಮನೆಗಳ ಹೆಂಗಸರು ಮಾಡುತ್ತ ಬಂದಿರುವುದು ಅದೇ ಕೆಲಸ. ವ್ಯತ್ಯಾಸವೆಂದರೆ ಅಲ್ಲಿ ಬಟ್ಟೆಯನ್ನು ಮನೆಯವರೇ ಹೊಲಿಯುತ್ತಾರೆ. ಮ್ಯಾಟೆಲ್ ಮಾರಲು ಹೊರಟದ್ದು ಆ ಬಟ್ಟೆಯನ್ನೇ.

ಪ್ರವಾಸದಿಂದ ತಂದ ಲಿಲ್ಲಿ ಮ್ಯಾಟೆಲ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಜ್ಯಾಕ್ ರಯನ್ ಕೈಗೆ ಹೋಯಿತು. ಅವರು ಅದಕ್ಕೆ ಮುಂಚೆ ರೇಥಿಯಾನ್ ಕಂಪನಿಯಲ್ಲಿ ಕ್ಷಿಪಣಿಗಳ ಕೆಲಸ ಮಾಡಿದ ಎಂಜಿನಿಯರ್. ಜಪಾನಿಗೆ ಹೊರಟಿದ್ದ ಅವರ ಚೀಲದಲ್ಲಿ ರೂತ್ ಗೊಂಬೆಯನ್ನಿಟ್ಟು, ಇಂಥದ್ದನ್ನು ಅಲ್ಲಿ ಮಾಡಿಕೊಡುವವರು ಸಿಗುತ್ತಾರೆಯೇ ನೋಡಿ ಎಂದರು. ಟೋಕಿಯೊದ ಕೊಕುಸಾಯ್ ಬೊಯೆಕಿ ಎಂಬ ಸಂಸ್ಥೆ ಒಪ್ಪಿತು. ಜಪಾನಿನವರಿಗೆ ಈ ಗೊಂಬೆಯ ಮುಖ ಹಿಡಿಸಲಿಲ್ಲ, ಗಡಸಾಗಿದೆ ಎನಿಸಿತು. ಓರೆಯಾಗಿ ನೋಡುವ ಕಣ್ಣನ್ನು ಬಾರ್ಬಿಯೂ ಉಳಿಸಿಕೊಂಡಳು, ಆದರೆ ತುಟಿ, ಹುಬ್ಬುಗಳನ್ನು ಮತ್ತೆ ಮತ್ತೆ ತಿದ್ದಲಾಯಿತು.

ಈ ಹಂತದಲ್ಲಿ ಆದ ಬದಲಾವಣೆಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ 'ನಕಲು' ಎಂಬ ಪದ ಎಷ್ಟು ಸರಿ, ಎಷ್ಟು ಸರಿಯಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಲಿಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನವಳು. ಬಾರ್ಬಿಯನ್ನು ವಿನೈಲ್ ಎಂಬ ಮೆದು ಪ್ಲಾಸ್ಟಿಕ್ಕಿನಲ್ಲಿ, ಆವರ್ತನದ ಎರಕ ಎನ್ನಬಹುದಾದ ವಿಧಾನದಲ್ಲಿ ಮಾಡಲಾಯಿತು: ದ್ರವರೂಪದ ವಿನೈಲನ್ನು ಲೋಹದ ಅಚ್ಚಿಗೆ ಸುರಿದು, ಅಚ್ಚನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತ ಕಾಯಿಸಿದಾಗ, ದ್ರವ ಒಳಗೋಡೆಗೆ ಸಮನಾಗಿ ಹರಡಿಕೊಂಡು ಗಟ್ಟಿಯಾಗುತ್ತದೆ. ಬೆರಳು, ಮೂಗಿನಂಥ ಸಣ್ಣ ಭಾಗಗಳಲ್ಲಿ ಗಾಳಿಗುಳ್ಳೆ ನಿಲ್ಲದಂತೆ ನೋಡಿಕೊಳ್ಳುವುದೇ ಆ ಕೆಲಸದ ಕಷ್ಟ. ಲಿಲ್ಲಿಯ ಕೂದಲು ಟೋಪಿಯಂಥ ತುಂಡಿಗೆ ಅಂಟಿದ್ದು, ಅದನ್ನು ಒಳಗಿನ ತಿರುಪು ತಲೆಗೆ ಹಿಡಿದಿಡುತ್ತದೆ. ಬಾರ್ಬಿಯ ಕೂದಲನ್ನು ನೇರವಾಗಿ ತಲೆಯ ವಿನೈಲಿಗೇ ಸಾಲುಸಾಲಾಗಿ ಹೊಲಿಯಲಾಗಿದೆ. ಲಿಲ್ಲಿಯ ಚಪ್ಪಲಿ ಅವಳ ಕಾಲಿನ ಭಾಗ. ಬಾರ್ಬಿಯ ಪಾದ ಬರಿಗಾಲಿನದು, ಹಿಮ್ಮಡಿ ಮೇಲೆತ್ತಿದಂತಿದ್ದು, ಚಪ್ಪಲಿಯನ್ನು ಬೇರೆಯಾಗಿ ತೊಡಿಸಬೇಕು. ಈ ಕೊನೆಯ ಬದಲಾವಣೆ ಚಿಕ್ಕದೆನಿಸಿದರೂ ಸೂತ್ರವೆಲ್ಲ ಅದರಲ್ಲಿದೆ. ಚಪ್ಪಲಿ ಕಾಲಿಗೆ ಅಂಟಿಕೊಂಡಿದ್ದರೆ ಇನ್ನೊಂದು ಜೋಡಿಯನ್ನು ಮಾರಲಾಗುವುದಿಲ್ಲ.

ಬಟ್ಟೆಯ ಹೊಣೆ ಹೊತ್ತವರು ಷಾರ್ಲಟ್ ಜಾನ್ಸನ್ ಎಂಬ ವಸ್ತ್ರವಿನ್ಯಾಸಕಿ. ಅವರು ಸುಮಾರು ಒಂದು ವರ್ಷ ಟೋಕಿಯೊದಲ್ಲೇ ಉಳಿದು, ಅಲ್ಲಿನ ಹೊಲಿಗೆಯವರೊಡನೆ ಕೂತು ಒಂದೊಂದು ಉಡುಪನ್ನೂ ರೂಪಿಸಿದರು. ಆರರಲ್ಲಿ ಒಂದರಷ್ಟು ಅಳತೆಯ ಮೈಗೆ ಹೊಲಿಯುವುದು ಎಂದರೆ ದೊಡ್ಡ ಉಡುಪನ್ನು ಚಿಕ್ಕದು ಮಾಡುವುದಲ್ಲ. ಗೊಂಬೆಯ ಅಳತೆ ಕುಗ್ಗುತ್ತದೆ, ಬಟ್ಟೆಯ ದಪ್ಪ ಕುಗ್ಗುವುದಿಲ್ಲ. ಲಂಗದ ನೆರಿಗೆ, ಒಳಪದರ, ನಡುಪಟ್ಟಿ, ಮಡಿಸಿ ಹೊಲಿದ ಅಂಚು ಇವೆಲ್ಲ ನಡುವಿನಲ್ಲಿ ಒಂದರ ಮೇಲೊಂದು ಕೂತಾಗ ಅಲ್ಲೊಂದು ದಿಂಡು ಬೆಳೆಯುತ್ತದೆ. ಬಟ್ಟೆ ತೊಟ್ಟ ಮೇಲೆ ಮನುಷ್ಯರ ನಡುವಿನಂತೆ ಕಾಣಬೇಕಾದರೆ ಬರಿಮೈಯ ನಡು ಅದಕ್ಕಿಂತ ಬಹಳ ಸಣ್ಣದಿರಬೇಕು. ಬಾರ್ಬಿಯ ನಡುವಿನ ಬಗ್ಗೆ ಎದ್ದಿರುವ ಟೀಕೆಗಳಿಗೆ ಇದು ಸಂಪೂರ್ಣ ಉತ್ತರವಲ್ಲ, ಮೂಲ ಮಾದರಿ ಗಂಡಸರ ವ್ಯಂಗ್ಯಚಿತ್ರದಿಂದ ಬಂದದ್ದು ಎಂಬ ಸಂಗತಿ ಹಾಗೆಯೇ ಉಳಿಯುತ್ತದೆ. ಆದರೂ ದರ್ಜಿಯ ಕಷ್ಟ ಅರಿಯದೆ ಮಾಡಿದ ಟೀಕೆ ಪೂರ್ಣವಲ್ಲ. ಪುಟ್ಟ ಜಿಪ್, ನಿಜವಾದ ಗುಂಡಿಗಳು, ಒಳಪದರ, ಸಣ್ಣ ಹೂವಿನ ಅಚ್ಚಿರುವ ಬಟ್ಟೆ ಇವನ್ನೆಲ್ಲ ಹುಡುಕಿ ಮಾಡಿಸಿದ ಮೊದಲ ವರ್ಷಗಳ ಉಡುಪುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅವನ್ನು ಹೊಲಿದ ಜಪಾನಿನ ಹೆಂಗಸರ ಕೈಗೆ ನಮಸ್ಕರಿಸಬೇಕೆನಿಸುತ್ತದೆ. ಬಾರ್ಬಿಯ ಚರಿತ್ರೆಯಲ್ಲಿ ಅವರ ಹೆಸರುಗಳು ಹೆಚ್ಚಾಗಿ ಸಿಗುವುದಿಲ್ಲ.

ಮಾರುಕಟ್ಟೆಗೆ ಬಿಡುವ ಮುಂಚೆ ಮ್ಯಾಟೆಲ್ ಇನ್ನೊಬ್ಬರ ಸಲಹೆ ಪಡೆಯಿತು. ಅರ್ನೆಸ್ಟ್ ಡಿಕ್ಟರ್ ವಿಯೆನ್ನಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಮನಶ್ಶಾಸ್ತ್ರಜ್ಞ. ಜನ ವಸ್ತುಗಳನ್ನು ಕೊಳ್ಳುವ ಹಿಂದಿನ ಮರೆಯಾದ ಕಾರಣಗಳನ್ನು ಶೋಧಿಸುವುದು ಅವರ ಉದ್ಯೋಗ. ಹುಡುಗಿಯರನ್ನೂ ತಾಯಂದಿರನ್ನೂ ಬೇರೆಬೇರೆಯಾಗಿ ಮಾತನಾಡಿಸಿದಾಗ ಹುಡುಗಿಯರು ಗೊಂಬೆಗೆ ಮರುಳಾದರು, ತಾಯಂದಿರು ಮುಖ ಸಿಂಡರಿಸಿದರು. ಆದರೆ, ಮಗಳು ಇದರಿಂದ ಅಚ್ಚುಕಟ್ಟಾಗಿ ಉಡುವುದನ್ನೂ ತಲೆ ಬಾಚಿಕೊಳ್ಳುವುದನ್ನೂ ಕಲಿಯುತ್ತಾಳೆ ಎಂದು ಮನವರಿಕೆಯಾದರೆ ತಾಯಿಯ ವಿರೋಧ ಕರಗುತ್ತದೆ ಎಂಬುದನ್ನು ಡಿಕ್ಟರ್ ಗುರುತಿಸಿದರು. ಬಾರ್ಬಿ ಬರಿಯ ಗೊಂಬೆಯಲ್ಲ, ಹದಿಹರೆಯದ ಫ್ಯಾಷನ್ ಮಾಡೆಲ್ ಎಂದು ಪ್ರಚಾರ ಮಾಡಿದ್ದು ಈ ತಿಳಿವಳಿಕೆಗೆ ಚೆನ್ನಾಗಿ ಹೊಂದಿಕೊಂಡಿತು.

1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿ ಮೊದಲ ಬಾರಿಗೆ ಕಾಣಿಸಿಕೊಂಡಳು. ಕಪ್ಪು ಬಿಳುಪು ಪಟ್ಟೆಯ ಈಜುಡುಗೆ, ಕುದುರೆಬಾಲದ ಜುಟ್ಟು, ಎತ್ತರ ಹನ್ನೊಂದೂವರೆ ಇಂಚು, ಬೆಲೆ 3 ಡಾಲರ್. ಬಟ್ಟೆಗಳಿಗೆ ಬೇರೆ ಬೆಲೆ; ಮದುವಣಗಿತ್ತಿಯ ಉಡುಪಿನ ಬೆಲೆ 5 ಡಾಲರ್, ಅಂದರೆ ಗೊಂಬೆಗಿಂತ ಹೆಚ್ಚು. ಮೇಳಕ್ಕೆ ಬಂದ ಸಗಟು ಖರೀದಿದಾರರಲ್ಲಿ ಬಹುತೇಕರು ಗಂಡಸರು, ಅವರಲ್ಲಿ ಅನೇಕರು ತಲೆಯಲ್ಲಾಡಿಸಿ ಮುಂದೆ ಹೋದರು. ರೂತ್ ಗಾಬರಿಗೊಂಡು ಉತ್ಪಾದನೆ ತಗ್ಗಿಸುವಂತೆ ಜಪಾನಿಗೆ ತಿಳಿಸಿದರು. ಅದು ತಪ್ಪು ಲೆಕ್ಕಾಚಾರವಾಯಿತು. ಮ್ಯಾಟೆಲ್ 1955ರಲ್ಲೇ ಮಕ್ಕಳ ದೂರದರ್ಶನ ಕಾರ್ಯಕ್ರಮವೊಂದಕ್ಕೆ ವರ್ಷಪೂರ್ತಿ ಜಾಹೀರಾತು ಕೊಡಲು 5 ಲಕ್ಷ ಡಾಲರ್ ಪಣಕ್ಕಿಟ್ಟ ಕಂಪನಿ. ಅಂಗಡಿಯವನನ್ನೂ ತಾಯಿಯನ್ನೂ ದಾಟಿ ನೇರವಾಗಿ ಮಗುವಿನೊಡನೆ ಮಾತನಾಡುವ ದಾರಿ ಅದಕ್ಕೆ ಗೊತ್ತಿತ್ತು. ಶಾಲೆಗಳಿಗೆ ಬೇಸಿಗೆಯ ರಜೆ ಬಂದದ್ದೇ ತಡ, ಹುಡುಗಿಯರು ಬಾರ್ಬಿ ಕೇಳಿಕೊಂಡು ಅಂಗಡಿಗಳಿಗೆ ಬಂದರು. ಮೊದಲ ವರ್ಷ ಸುಮಾರು 3 ಲಕ್ಷ ಗೊಂಬೆಗಳು ಹೋದವು. ಬೇಡಿಕೆಯನ್ನು ಸರಿಗಟ್ಟಲು ಕಾರ್ಖಾನೆಗೆ ವರ್ಷಗಳೇ ಹಿಡಿದವು. 1961ರಲ್ಲಿ ಕೆನ್ ಬಂದ.

ಜರ್ಮನಿಯವರು ಸುಮ್ಮನಿರಲಿಲ್ಲ. ಲೂಯಿ ಮಾರ್ಕ್ಸ್ ಎಂಬ ಅಮೆರಿಕದ ದೊಡ್ಡ ಆಟಿಕೆ ಉದ್ಯಮಿಯ ಕಂಪನಿ ಲಿಲ್ಲಿಯನ್ನು ಮಾಡುವ ಪರವಾನಗಿ ಪಡೆದು, 1961ರಲ್ಲಿ ಹೌಸರ್ ಕಂಪನಿಯೊಡನೆ ಸೇರಿ ಮ್ಯಾಟೆಲ್ ಮೇಲೆ ದಾವೆ ಹೂಡಿತು. ಬಾರ್ಬಿ ಲಿಲ್ಲಿಯ ನೇರ ನಕಲು, ಸೊಂಟದ ಕೀಲಿನ ಪೇಟೆಂಟನ್ನು ಉಲ್ಲಂಘಿಸಲಾಗಿದೆ ಎಂಬುದು ಆರೋಪ. ಮ್ಯಾಟೆಲ್ ಪ್ರತಿದಾವೆ ಹೂಡಿತು. 1963ರಲ್ಲಿ ಎರಡೂ ಕಡೆಯ ದಾವೆಗಳು ವಜಾ ಆದವು. ಯಾರು ಸರಿ ಎಂಬುದನ್ನು ನ್ಯಾಯಾಲಯ ಹೇಳಲೇ ಇಲ್ಲ. ಮರುವರ್ಷ ಮ್ಯಾಟೆಲ್ ಲಿಲ್ಲಿಯ ಹಕ್ಕುಗಳನ್ನು 21,600 ಡಾಲರಿಗೆ ಕೊಂಡುಕೊಂಡಿತು. ಅಲ್ಲಿಗೆ ಲಿಲ್ಲಿಯ ತಯಾರಿಕೆ ನಿಂತಿತು. ಒಂಬತ್ತು ವರ್ಷಗಳಲ್ಲಿ ತಯಾರಾದ ಲಿಲ್ಲಿಗಳು ಸುಮಾರು 1,30,000. ಬಾರ್ಬಿ ಮೊದಲ ವರ್ಷವೇ ಅದರ ಎರಡು ಪಟ್ಟಿಗೂ ಮೀರಿ ಮಾರಾಟವಾಗಿದ್ದಳು ಎಂಬುದನ್ನು ನೆನೆದರೆ ಆ 21,600 ಡಾಲರ್ ಎಷ್ಟು ಸಣ್ಣ ಮೊತ್ತವೆಂಬುದು ತಿಳಿಯುತ್ತದೆ. ನ್ಯಾಯಾಲಯ ಹೇಳದ ತೀರ್ಪನ್ನು ನಾನು ಹೇಳಬೇಕೆಂದರೆ, ಮೊದಲ ಬಾರ್ಬಿಯನ್ನೂ ಲಿಲ್ಲಿಯನ್ನೂ ಅಕ್ಕಪಕ್ಕ ನಿಲ್ಲಿಸಿದ ಯಾರೂ ಇಬ್ಬರೂ ಒಂದೇ ಮನೆಯ ಹುಡುಗಿಯರಲ್ಲ ಎನ್ನಲಾರರು. ಮ್ಯಾಟೆಲ್ ಆ ಹಕ್ಕುಗಳನ್ನು ಮೊದಲೇ ಕೇಳಿ ಕೊಂಡಿದ್ದರೆ ನ್ಯಾಯವಾಗುತ್ತಿತ್ತು. ಬಾರ್ಬಿಯ ಶ್ರೇಯಸ್ಸು ಯಾರದೆಂಬ ಜಗಳ ಮ್ಯಾಟೆಲ್ ಒಳಗೂ ನಡೆಯಿತು. ರೂತ್ ಮತ್ತು ರಯನ್ ನಡುವಿನ ಸಂಬಂಧ ಮುಂದೆ ಕೆಟ್ಟು, ಗೌರವಧನದ ವಿಚಾರ ನ್ಯಾಯಾಲಯಕ್ಕೂ ಹೋಯಿತು.

ಇನ್ನು ನಿಮ್ಮ ಗೊಂಬೆ. ಚಪ್ಪಲಿ ಕಾಲಿಗೇ ಅಂಟಿಕೊಂಡಿದೆ ಎಂದು ಬರೆದಿದ್ದೀರಿ. ಆ ವರ್ಷಗಳ ಯಾವ ಬಾರ್ಬಿಯೂ ಹಾಗಿರಲಿಲ್ಲ. ಹಾಗಾಗಿ ಅದು ಲಿಲ್ಲಿಯಾಗಿರಬಹುದು, ಇಲ್ಲವೇ ಲಿಲ್ಲಿಯನ್ನು ಅನುಕರಿಸಿ ಹಾಂಗ್‌ಕಾಂಗ್‌ನಲ್ಲಿ ಹೇರಳವಾಗಿ ತಯಾರಾದ ಅಗ್ಗದ ಗೊಂಬೆಗಳಲ್ಲಿ ಒಂದಾಗಿರಬಹುದು. ಮೊದಲು ಬೆನ್ನನ್ನು ನೋಡಿ. ಹಾಂಗ್‌ಕಾಂಗ್ ಎಂಬ ಅಕ್ಷರಗಳು ಉಬ್ಬಿಕೊಂಡಿದ್ದರೆ ವಿಚಾರ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಕೂದಲಿನ ಬುಡವನ್ನು ಗಮನಿಸಿ. ಕೂದಲು ತಲೆಯಲ್ಲಿ ಸಾಲಾಗಿ ನೆಟ್ಟಂತಿಲ್ಲದೆ ಟೋಪಿಯಂತೆ ಬೇರೆ ತುಂಡಾಗಿ ಕೂತಿದ್ದರೆ, ಮೈ ಕೈಗೆ ಗಟ್ಟಿಯಾಗಿ ಸ್ವಲ್ಪ ಭಾರವಾಗಿ ತೋರಿದರೆ, ಅದು ನಾಯ್‌ಸ್ಟಾಟ್‌ನಿಂದ ಬಂದ ಲಿಲ್ಲಿ ಎಂಬ ಆಸೆ ಇಟ್ಟುಕೊಳ್ಳಬಹುದು. ಮೂಲ ಉಡುಪು ಉಳಿದಿದ್ದರೆ ಅದರ ಒತ್ತುಗುಂಡಿಗಳನ್ನು ಭೂತಗನ್ನಡಿಯಲ್ಲಿ ನೋಡಿ: ಲಿಲ್ಲಿಯ ಬಟ್ಟೆಗಳ ಗುಂಡಿಯ ಮೇಲೆ 'ಪ್ರಿಮ್' ಎಂಬ ಜರ್ಮನ್ ತಯಾರಕರ ಹೆಸರು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಮಗಳ ಗೆಳತಿಯರ ಮನೆಯಲ್ಲಿ ಯಾವುದಾದರೂ ಹಳೆಯ ಬಾರ್ಬಿ ಕಂಡು, ಅದರ ಪೃಷ್ಠದ ಮೇಲೆ ರೋಮನ್ ಅಂಕಿಯಲ್ಲಿ 1958 ಎಂದಿರುವುದನ್ನು ನೋಡಿದರೆ ಮೋಸಹೋಗಬೇಡಿ; ಅದು ಹಕ್ಕುಸ್ವಾಮ್ಯ ದಾಖಲಾದ ವರ್ಷ, ಗೊಂಬೆ ತಯಾರಾದ ವರ್ಷವಲ್ಲ. ಅದೇ ಗುರುತು ಮುಂದಿನ ಹಲವು ವರ್ಷಗಳ ಗೊಂಬೆಗಳ ಮೇಲೂ ಇದೆ.

ಲಿಲ್ಲಿ ಎಂದೇ ಅನಿಸಿದರೆ ಈ ದಸರೆಯಲ್ಲಿ ಅದರ ಕೈಕಾಲುಗಳನ್ನು ಎಳೆದು ತಿರುಗಿಸಿ ಭಂಗಿ ಬದಲಿಸಲು ಹೋಗಬೇಡಿ. ಒಳಗೆ ಅವನ್ನು ಹಿಡಿದಿಟ್ಟಿರುವುದು ರಬ್ಬರಿನ ದಾರ. ಅರುವತ್ತು ವರ್ಷ ಕಳೆದ ರಬ್ಬರು ಹಪ್ಪಳದಂತೆ ಮುರಿಯುತ್ತದೆ. ಸೋಪು, ಸ್ಪಿರಿಟ್ಟು ಹಚ್ಚಿ ಒರೆಸಿದರೆ ಹುಬ್ಬು ತುಟಿಗಳ ಬಣ್ಣ ಹೋಗುತ್ತದೆ, ಮೆದುವಾದ ಒಣ ಕುಂಚ ಸಾಕು. ದೀಪದ ಹತ್ತಿರ, ಬಿಸಿಲು ಬೀಳುವ ಕಡೆ ನಿಲ್ಲಿಸಬೇಡಿ. ಕೆಳಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲೆ, ಮಕ್ಕಳ ಕೈಗೆ ಎಟಕದ ಕಡೆ ಇಡಿ. ಪಟ್ಟದ ಗೊಂಬೆಗಳಿಗೆ ಅದರಿಂದ ಬೇಸರವಾಗಲಾರದು.